ಬೈಂಡು ಹಾಕಿದ ದ್ವೀಪ

ನಕ್ಷೆಗಳ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಜನ ಮೊದಲು ಕೇಳುವ ಪ್ರಶ್ನೆ ಒಂದೇ. "ಈಗೆಲ್ಲಾ ಫೋನಲ್ಲೇ ಮ್ಯಾಪ್ ಇರುತ್ತಲ್ಲ, ಅಲ್ಲಿ ನಿಮಗೇನು ಕೆಲಸ?" ಇಪ್ಪತ್ತಾರು ವರ್ಷದ ಕೆಲಸದಲ್ಲಿ ಕೊನೆಯ ಹದಿನೈದು ವರ್ಷ ಈ ಪ್ರಶ್ನೆಗೆ ನಗುನಗುತ್ತಾ ಉತ್ತರ ಹೇಳಿದ್ದೇನೆ. ಹೋದ ವರ್ಷ ನಿವೃತ್ತಳಾದ ಮೇಲೆ ನಗಬೇಕಾದ ಅಗತ್ಯ ತಪ್ಪಿದೆ. ಆದ್ದರಿಂದ ಈಗ ಸಾವಧಾನವಾಗಿ ಬರೆದೇ ಹೇಳುತ್ತೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಗ್ರಂಥಾಲಯದ ಓದು ಮುಗಿಸಿದ ಮೈಸೂರಿನ ಹುಡುಗಿಯೊಬ್ಬಳಿಗೆ ಈಚೆಗೆ ಇಂಥದ್ದೇ ಒಂದು ಕೋಣೆಯಲ್ಲಿ ಕೆಲಸ ಸಿಕ್ಕಿತು. ಫೋನ್ ಮಾಡಿ, "ಆಂಟಿ, ಏನೇನು ಹುಷಾರಾಗಿ ನೋಡ್ಕೋಬೇಕು ಹೇಳಿ, ನೋಟ್ಸ್ ಮಾಡ್ಕೋತೀನಿ" ಎಂದಳು. ತೇವ, ಧೂಳು, ಬಿಸಿಲು, ಡ್ರಾಯರಿನ ಬೀಗ ಎಂದು ಪಟ್ಟಿ ಒಪ್ಪಿಸಿದೆ. ಫೋನ್ ಇಟ್ಟ ಮೇಲೆ, ನಾನು ಮಾಡಿದ ದೊಡ್ಡ ತಪ್ಪನ್ನು ಮಾತ್ರ ಹೇಳದೆ ಜಾಣತನದಿಂದ ನುಣುಚಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿಯ ವಿಚಾರ ಬರೆಯುವುದಿಲ್ಲ. ಎರಡು ಸಲ ಸಿಕ್ಕಿತು, ಎರಡು ಸಲವೂ ಕುರ್ಚಿ ಬದಲಾಯಿತು, ಕೆಲಸ ಅದೇ ಇತ್ತು.

ನಾನು ಮಂಡ್ಯದ ಕಡೆಯವಳು. ಮೈಸೂರಿನಲ್ಲಿ ಭೂಗೋಳ ಓದಿ, ಮದುವೆಗೆ ಮೊದಲು ಎರಡು ವರ್ಷ ಬೆಂಗಳೂರಿನಲ್ಲಿ ಸಂಜೆಯ ಜರ್ಮನ್ ತರಗತಿಗೆ ಹೋಗಿದ್ದೆ. ಗೆಳತಿ ಸೇರಿದಳು ಅಂತ ಸೇರಿದ್ದು, ಬೇರೆ ಘನ ಉದ್ದೇಶವೇನೂ ಇರಲಿಲ್ಲ. ಯಜಮಾನರ ಜೊತೆ ಕ್ಯಾಲಿಫೋರ್ನಿಯಾದ ಡಬ್ಲಿನ್‌ಗೆ ಬಂದು, ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ, ಓಕ್ಲ್ಯಾಂಡಿನ ಆಚೆಯ ಒಂದು ಗ್ರಂಥಾಲಯದಲ್ಲಿ ಅರೆಕಾಲಿಕ ಕೆಲಸ ಖಾಲಿ ಇದೆಯೆಂದು ಗೊತ್ತಾಯಿತು. ನೆಲಮಾಳಿಗೆಯಲ್ಲಿದ್ದ ನಕ್ಷೆ ಕೋಣೆಯ ಮುಖ್ಯಸ್ಥೆ ಡೋರಿಸ್. ಆರಡಿ ಎತ್ತರ, ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಕನ್ನಡಕ, ಒಂದು ನಕ್ಷೆ ನೋಡಲು, ಇನ್ನೊಂದು ನಮ್ಮನ್ನು ನೋಡಲು. ಸಂದರ್ಶನದಲ್ಲಿ ಒಂದು ಜರ್ಮನ್ ನಕ್ಷೆಯನ್ನು ಮುಂದಿಟ್ಟು ಓದು ಎಂದರು. ಓದಿದೆ. ಅವರು ಕನ್ನಡಕ ಬದಲಾಯಿಸಿಕೊಂಡು, "ಇಷ್ಟು ರಾಗವಾಗಿ ಜರ್ಮನ್ ಓದಿದ್ದನ್ನು ನಾನು ಕೇಳಿಲ್ಲ. ಯಾವ ಊರಿನ ಜರ್ಮನ್ ಇದು?" ಎಂದರು. "ಮಂಡ್ಯದ್ದು" ಎಂದೆ. ಮುಂದಿನ ಸೋಮವಾರವೇ ಬಾ ಎಂದರು.

ಮೊದಲ ಶುಕ್ರವಾರವೇ ಬೈಸಿಕೊಂಡೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಜಡೆ ಹೆಣೆದುಕೊಂಡು ಹೋಗಿದ್ದೆ. ಬಗ್ಗಿ ಡ್ರಾಯರಿನಿಂದ ಹಾಳೆ ತೆಗೆಯುವಾಗ ಜಡೆ ಮುಂದಕ್ಕೆ ಜಾರಿ ಜರ್ಮನಿಯ ಬವೇರಿಯ ಪ್ರಾಂತದ ಮೇಲೆ ಬಿತ್ತು. ಆ ಹಾಳೆಯಲ್ಲಿ ಇವತ್ತಿಗೂ ದೇವರು ಸೃಷ್ಟಿಸದ ಒಂದು ಸಣ್ಣ ಕೆರೆ ಇದೆ. ಡೋರಿಸ್ ಕೂಗಾಡಲಿಲ್ಲ. "ಸರೋಜಾ, ಹಾಳೆಯನ್ನು ಎರಡು ಕೈಯಲ್ಲಿ ಎತ್ತು. ಪೆನ್ನು ತರಬೇಡ. ಎಣ್ಣೆ ಭಾನುವಾರ ಹಚ್ಚಿಕೋ" ಎಂದರು. ಅವತ್ತಿನಿಂದ ನಿವೃತ್ತಿಯಾಗುವವರೆಗೂ ತುರುಬು ಕಟ್ಟಿಕೊಂಡೇ ಕೆಲಸ ಮಾಡಿದೆ.

ನಮ್ಮ ಕೋಣೆಯಲ್ಲಿ ಜರ್ಮನಿಯ ಹಾಳೆಗಳೇ ಹತ್ತಾರು ಡ್ರಾಯರು ತುಂಬಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದವರು ತಾವು ಮರುಮುದ್ರಿಸಿದ್ದ ನಕ್ಷೆಗಳನ್ನೂ ವಶಪಡಿಸಿಕೊಂಡಿದ್ದ ನಕ್ಷೆಗಳನ್ನೂ ಇಲ್ಲಿನ ಗ್ರಂಥಾಲಯಗಳಿಗೆ ಕಂತೆಗಟ್ಟಲೆ ಹಂಚಿದ್ದರು. ಡೋರಿಸ್ ಅವರ ಪಾಠದ ಕ್ರಮವೇ ಬೇರೆ. "ಇಡೀ ದೇಶ ಕಲಿಯಲು ಹೋಗಬೇಡ. ಒಂದು ಮೂಲೆ ಹಿಡಿ, ಅಲ್ಲಿ ಮನೆಮನೆಯೂ ನಿನಗೆ ಗೊತ್ತಿರಬೇಕು. ಉಳಿದದ್ದು ತಾನಾಗಿ ಬರುತ್ತದೆ" ಎಂದು ಹೇಳಿ ಒಂದು ಡ್ರಾಯರಿನ ಬೀಗದ ಕೈ ಕೊಟ್ಟರು. ನನಗೆ ಸಿಕ್ಕ ಮೂಲೆ ಉತ್ತರ ಫ್ರೀಸ್‌ಲ್ಯಾಂಡ್. ಜರ್ಮನಿಯ ವಾಯವ್ಯ ತುದಿ, ಡೆನ್ಮಾರ್ಕಿನ ಗಡಿಗೆ ಅಂಟಿಕೊಂಡ ಕರಾವಳಿ ಮತ್ತು ಅದರ ಎದುರಿನ ದ್ವೀಪಗಳು.

ಆ ಸೀಮೆಯನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಕಣ್ಣು ಮುಚ್ಚಿದರೆ ಅಲ್ಲಿ ನಡೆದಾಡಬಲ್ಲೆ. ಎಂಥ ಚಪ್ಪಟೆ ನೆಲವೆಂದರೆ, ನಮ್ಮ ಮಂಡ್ಯದ ಗದ್ದೆಬಯಲು ಅದರ ಮುಂದೆ ಬೆಟ್ಟಗುಡ್ಡ ಅನ್ನಿಸಬೇಕು. ಸಮುದ್ರ ದಿನಕ್ಕೆ ಎರಡು ಸಲ ಹಿಂದೆ ಸರಿದು ಮೈಲಿಗಟ್ಟಲೆ ಕೆಸರುಬಯಲನ್ನು ಬಿಟ್ಟುಕೊಡುತ್ತದೆ, ಎರಡು ಸಲ ಬಂದು ವಾಪಸು ತೆಗೆದುಕೊಳ್ಳುತ್ತದೆ. ಜನ ನೂರಾರು ವರ್ಷ ಏರಿ ಕಟ್ಟಿ ಕಟ್ಟಿ ಸಮುದ್ರದಿಂದ ಹೊಲ ಕಿತ್ತುಕೊಂಡಿದ್ದಾರೆ. ಸಮುದ್ರವೂ ಸುಮ್ಮನೆ ಕೂತಿಲ್ಲ. ಬಹುಕಾಲ ಡೆನ್ಮಾರ್ಕಿನ ದೊರೆಯ ಕೈಕೆಳಗಿದ್ದ ನಾಡು, ಆಮೇಲೆ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಪಾಲಾಯಿತು. ಮೊದಲ ಮಹಾಯುದ್ಧದ ನಂತರ ಜನರ ಮತ ಕೇಳಿ ಗಡಿ ಎಳೆದಾಗ, ಇವರ ಬಡಗಣ ನೆರೆಯವರು ಡೆನ್ಮಾರ್ಕಿಗೆ ಹೋದರು, ಇವರು ಜರ್ಮನಿಯಲ್ಲೇ ಉಳಿದರು. ಮನೆಯಲ್ಲಿ ಆಡುವ ಫ್ರೀಸಿಯನ್ ಭಾಷೆ ದ್ವೀಪದಿಂದ ದ್ವೀಪಕ್ಕೆ ಬೇರೆ. ಫೆಬ್ರುವರಿಯಲ್ಲಿ ಎಲ್ಲ ಊರುಗಳಲ್ಲೂ ದೊಡ್ಡ ಬೆಂಕಿ ಹಾಕುತ್ತಾರೆ. ನಮ್ಮ ಕಾಮನ ಹಬ್ಬವೇ ದಾರಿ ತಪ್ಪಿ ಅಲ್ಲಿಗೆ ಹೋಗಿದೆಯೇನೋ ಅನ್ನಿಸುವಷ್ಟು ದೊಡ್ಡ ಬೆಂಕಿ.

ನನಗೆ ತುಂಬ ಇಷ್ಟವಾದದ್ದು ಹಾಲಿಗ್ ಎಂಬ ಪುಟ್ಟ ದ್ವೀಪಗಳು. ಸುತ್ತ ಎತ್ತರದ ಏರಿ ಇಲ್ಲ. ಚಳಿಗಾಲದ ಬಿರುಗಾಳಿಗೆ ಸಮುದ್ರ ಉಕ್ಕಿದರೆ ಹುಲ್ಲುಗಾವಲೆಲ್ಲ ಮುಳುಗುತ್ತದೆ. ಅದಕ್ಕೇ ಅಲ್ಲಿನವರು ಕೈಯಾರೆ ಮಣ್ಣು ಹೊತ್ತು ಹಾಕಿ ದಿಬ್ಬ ಮಾಡಿ, ಅದರ ಮೇಲೆ ಮನೆ ಕಟ್ಟುತ್ತಾರೆ. ದಿಬ್ಬದ ನಡುವೆ ದನಕುರಿಗಳಿಗಾಗಿ ಮಳೆನೀರಿನ ಹೊಂಡ. ನೀರು ಏರಿದಾಗ ದಿಬ್ಬಗಳಷ್ಟೇ ಮೇಲೆ ಉಳಿಯುತ್ತವೆ, ಮನೆಯವರೆಲ್ಲ ತಮ್ಮ ತಮ್ಮ ಅಂಗಳದಲ್ಲಿ ಬಂದಿಗಳು. ನಕ್ಷೆಯಲ್ಲಿ ಒಂದೊಂದು ದಿಬ್ಬವೂ ಸಾಸಿವೆ ಕಾಳಿನಷ್ಟು. ಸುತ್ತ ರೆಪ್ಪೆಯಂಥ ಗೆರೆಗಳು, ನಡುವೆ ಮನೆಯ ಕಪ್ಪು ಚುಕ್ಕೆ.

ಒಮ್ಮೆ ಸ್ಯಾನ್ ಹೊಸೆಯಿಂದ ಒಬ್ಬ ಹಿರಿಯರು ಬಂದರು. ಅವರ ಪೂರ್ವಜರು ಅಲ್ಲಿನ ಸ್ಟ್ರಾಂಡ್ ಎಂಬ ದೊಡ್ಡ ದ್ವೀಪದವರಂತೆ. ಎಲ್ಲ ಹಾಳೆ ಹುಡುಕಿ, "ನಿಮ್ಮಲ್ಲಿ ಒಂದು ಹಾಳೆ ಕಳೆದುಹೋಗಿದೆ" ಎಂದು ಸಿಟ್ಟಾದರು. ನಾನು ಪರೀಕ್ಷೆಗೆ ಉತ್ತರ ಒಪ್ಪಿಸಿದಂತೆ, ಹಾಳೆ ಕಳೆದಿಲ್ಲ ಸಾರ್, ದ್ವೀಪವೇ ಕಳೆದಿದೆ, ಹದಿನೇಳನೇ ಶತಮಾನದಲ್ಲಿ ಒಂದೇ ರಾತ್ರಿಯ ಪ್ರವಾಹದಲ್ಲಿ ಒಡೆದುಹೋಯಿತು, ಉಳಿದ ಚೂರುಗಳಿಗೆ ಈಗ ಬೇರೆ ಹೆಸರು ಎಂದು ಪಟಪಟ ಹೇಳಿದೆ. ಅವರ ಮುಖ ಸಪ್ಪಗಾಯಿತು. ನಿಂತೇ ಇದ್ದವರು ಮೇಜು ಹಿಡಿದುಕೊಂಡರು. ಅವರು ಹೋದ ಮೇಲೆ ಡೋರಿಸ್ ಹತ್ತಿರ ಬಂದು, "ಹೇಳಿದ್ದು ಸರಿಯಾಗಿತ್ತು. ಮುಂದಿನ ಸಲ ಮೊದಲು ಕುರ್ಚಿ ಕೊಡು, ಆಮೇಲೆ ಹೇಳು" ಎಂದರು. ಆ ಮಾತು ಮರೆಯಲಿಲ್ಲ.

ಈಗ ತಪ್ಪಿನ ವಿಚಾರಕ್ಕೆ ಬರುತ್ತೇನೆ. ಹತ್ತು ವರ್ಷದ ಹಿಂದಿನ ಮಾತು. ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವ ದೊಡ್ಡ ಸ್ಕ್ಯಾನರು ಬರುವುದಿತ್ತು, ಅದನ್ನಿಡಲು ಜಾಗ ಬೇಕಿತ್ತು. ಒಂದೇ ನಕ್ಷೆಯ ಎರಡೆರಡು ಪ್ರತಿಗಳಿದ್ದರೆ ಒಂದನ್ನು ತೆಗೆದುಹಾಕಿ ಎಂದು ಮೇಲಿನಿಂದ ಆದೇಶ ಬಂತು. ನನ್ನ ಮೂಲೆಯ ಹಾಳೆಗಳು ನನ್ನ ಪಾಲಿಗೆ ಬಂದವು. ಹೆಸರು, ಸಂಖ್ಯೆ, ಮೇಲಿನ ಅಂಚಿನಲ್ಲಿ ಅಚ್ಚಾದ ವರ್ಷ, ಮೂರೂ ಒಂದೇ ಆಗಿದ್ದರೆ ಜೋಡಿ ಎಂದು ಲೆಕ್ಕ. ಚೊಕ್ಕಟವಾದದ್ದನ್ನು ಇಟ್ಟುಕೊಂಡು, ಹಳದಿಯಾದದ್ದರ ಬೆನ್ನಿಗೆ 'ಸಂಗ್ರಹದಿಂದ ತೆಗೆದಿದೆ' ಎಂಬ ಠಸ್ಸೆ ಒತ್ತಿ ಬಾಗಿಲ ಪಕ್ಕದ ಮೇಜಿನ ಮೇಲೆ ಇಡುತ್ತಿದ್ದೆ. ಬೇಕಾದವರು ಒಯ್ಯಬಹುದು. ಯಾರೋ ಪೆನ್ಸಿಲಿನಲ್ಲಿ ಗೀಚಿದ್ದ ಒಂದು ಹಾಲಿಗ್ ಹಾಳೆಯೂ ಹಾಗೆ ಹೋಯಿತು. ಗೀಚಿದವರನ್ನು ಮನಸ್ಸಿನಲ್ಲೇ ಬೈದುಕೊಂಡು ಗಟ್ಟಿಯಾಗಿ ಠಸ್ಸೆ ಒತ್ತಿದ್ದೆ.

ಇಲ್ಲಿ ನನ್ನ ಇನ್ನೊಂದು ಅವತಾರದ ಪರಿಚಯ ಮಾಡಿಕೊಡಬೇಕು. ಭಾನುವಾರಗಳಂದು ನಾನು ಡಬ್ಲಿನ್‌ನಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಪಠ್ಯಪುಸ್ತಕಗಳು ಬೆಂಗಳೂರಿನಿಂದ ಯಾರಾದರೂ ಬರುವವರ ಸೂಟ್‌ಕೇಸಿನಲ್ಲಿ, ಚಟ್ನಿಪುಡಿಯ ಪಕ್ಕದಲ್ಲಿ ಕೂತು ಬರುತ್ತವೆ. ಅಷ್ಟು ದೂರದಿಂದ ಬಂದ ಪುಸ್ತಕಕ್ಕೆ ಬೈಂಡು ಹಾಕದೆ ಮಕ್ಕಳ ಕೈಗೆ ಕೊಡುವುದು ನನ್ನಿಂದ ಆಗದ ಕೆಲಸ. ನಾವು ಚಿಕ್ಕವರಿದ್ದಾಗ ಜೂನ್ ಬಂತೆಂದರೆ ಮನೆಮಂದಿಯೆಲ್ಲ ನೆಲದ ಮೇಲೆ ಕೂತು ಬೈಂಡು ಹಾಕುತ್ತಿದ್ದೆವು. ಬ್ರೌನ್ ಪೇಪರು ಉಳ್ಳವರಿಗೆ, ನಮಗೆ ಹಳೆಯ ಪತ್ರಿಕೆ. ನನ್ನ ಗಣಿತದ ಪುಸ್ತಕದ ಮೇಲೆ ವರ್ಷವಿಡೀ ಯಾರದೋ ಚುನಾವಣಾ ಭಾಷಣ ಇರುತ್ತಿತ್ತು. ಆ ಆಸೆ ಒಳಗೇ ಉಳಿದಿತ್ತೋ ಏನೋ. ಬಾಗಿಲ ಪಕ್ಕದ ಮೇಜಿನ ಮೇಲೆ ಆ ದಪ್ಪನೆಯ, ಗಟ್ಟಿಮುಟ್ಟಾದ ಜರ್ಮನ್ ಕಾಗದ ಯಾರೂ ಮುಟ್ಟದೆ ಬಿದ್ದಿರುವುದನ್ನು ನೋಡಿ ಕೈ ತಡೆಯಲಿಲ್ಲ. ಸುರುಳಿ ಸುತ್ತಿ ಮನೆಗೆ ತಂದೆ.

ಒಂದು ಹಾಳೆಯನ್ನು ಸರಿಯಾಗಿ ಎರಡು ಮಾಡಿದರೆ ಎರಡು ಪುಸ್ತಕಕ್ಕೆ ಆಗುತ್ತಿತ್ತು. ನಕ್ಷೆ ಒಳಗೆ, ಬಿಳಿ ಬೆನ್ನು ಹೊರಗೆ, ಠಸ್ಸೆಯ ಮೇಲೆ ಹೆಸರಿನ ಚೀಟಿ. ಪುಸ್ತಕದ ಬೆನ್ನು ಬರುವಲ್ಲಿ ಮೇಲೊಂದು ಕೆಳಗೊಂದು ಕಚ್ಚು ಕತ್ತರಿಸಿ ಒಳಮಡಿಸುವುದು ನನ್ನಮ್ಮ ಹೇಳಿಕೊಟ್ಟ ಕ್ರಮ. ನಲವತ್ತು ಪುಸ್ತಕಕ್ಕೆ ಬೈಂಡು ಹಾಕಿದೆ. "ಏನ್ ಕ್ವಾಲಿಟಿ ಪೇಪರ್ ಆಂಟಿ! ಎಲ್ಲಿ ಸಿಕ್ತು?" ಎಂದು ತಾಯಂದಿರು ಕೇಳಿದಾಗ ನನಗೆ ಹೆಮ್ಮೆಯೋ ಹೆಮ್ಮೆ. ಮಾರುಕಟ್ಟೆಯಲ್ಲಿ ಸಿಗಲ್ಲ ಎಂದಿದ್ದೆ. ಅದು ಎಷ್ಟು ನಿಜವೆಂದು ಆಗ ತಿಳಿದಿರಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಇರುವ ಪೆಟಾಲುಮಾ ಎಂಬ ಊರಿನಿಂದ ಆಂಕೆ ಎಂಬ ಹೆಂಗಸು ಬಂದರು. ಎಂಬತ್ತನಾಲ್ಕು ವರ್ಷ, ಕೈಯಲ್ಲಿ ಊರುಗೋಲು, ಜೊತೆಗೆ ಅರವತ್ತರ ಹತ್ತಿರದ ಮಗ ಪೀಟರ್. ಮೊದಲು ಕುರ್ಚಿ ಕೊಟ್ಟೆ. ಆಕೆ ಹುಟ್ಟಿದ್ದು ನನ್ನ ಮೂಲೆಯ ಒಂದು ಹಾಲಿಗ್‌ನಲ್ಲಿ.

"ನನಗೆ ಐದು ವರ್ಷ. ಸಮುದ್ರ ಏರಿತು. ಅಪ್ಪ ಕುರಿಗಳನ್ನು ದಿಬ್ಬಕ್ಕೆ ಹೊಡೆದುಕೊಂಡು ಬರಲು ಕೆಳಗಿಳಿದರು. ಕುರಿಗಳು ಬಂದವು, ಅವರು ಬರಲಿಲ್ಲ" ಎಂದರು ಆಕೆ. ದೇಹವೂ ಸಿಗಲಿಲ್ಲವಂತೆ. ಗೋಡೆ ಬಿದ್ದ ಮನೆಯನ್ನು ಅಲ್ಲೇ ಬಿಟ್ಟು, ತಾಯಿ ಮಗಳನ್ನು ಕರೆದುಕೊಂಡು ಪೆಟಾಲುಮಾದಲ್ಲಿ ಕೋಳಿ ಸಾಕುತ್ತಿದ್ದ ಅಣ್ಣ ಊವೆಯ ಮನೆಗೆ ಬಂದುಬಿಟ್ಟರು. ಆ ಕಡೆಯ ದ್ವೀಪಗಳವರು ಅನೇಕರು ಹಾಗೆ ಪೆಟಾಲುಮಾಕ್ಕೆ ಕೋಳಿ ಸಾಕಲು ಬಂದಿದ್ದರು.

"ಅಪ್ಪನಿಗೆ ಗೋರಿ ಇಲ್ಲ. ನನಗೆ ಇರುವುದು ಆ ದಿಬ್ಬ ಒಂದೇ. ಇನ್ನು ಮೂರು ವಾರಕ್ಕೆ ಅಲ್ಲಿಗೆ ಹೊರಟಿದ್ದೇನೆ. ಡಾಕ್ಟರು ಇದೇ ಕೊನೆ ಪ್ರಯಾಣ ಅಂದಿದ್ದಾರೆ. ಆದರೆ ಅಲ್ಲಿನವರು, ನೀವು ಹೇಳುವ ಕಡೆ ಯಾವ ದಿಬ್ಬವೂ ಇಲ್ಲ, ಬರೀ ಹುಲ್ಲು ಅಂತ ಬರೆದಿದ್ದಾರೆ."

ಪೀಟರ್ ನನ್ನನ್ನು ನೋಡಿ ಮೆಲ್ಲಗೆ, "ಅಮ್ಮ ಆಗ ತುಂಬ ಚಿಕ್ಕವರು. ಈಚೆಗೆ ಬೇರೆ ವಿಷಯಗಳೂ ಕಲಸಿಹೋಗುತ್ತಿವೆ" ಎಂದರು. ಕೆಟ್ಟ ಮಾತಲ್ಲ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಆಂಕೆ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಊವೆ ಮಾಮ ಅದನ್ನು ಗುರುತು ಮಾಡಿದ್ದಾನೆ. ನಕ್ಷೆಯ ಮೇಲೆ, ಪೆನ್ಸಿಲಿನಲ್ಲಿ. ಸಾಯುವ ಮೊದಲು ತನ್ನ ಪುಸ್ತಕ, ನಕ್ಷೆ ಎಲ್ಲ ನಿಮ್ಮ ಗ್ರಂಥಾಲಯಕ್ಕೇ ಕೊಟ್ಟ. ಅದನ್ನು ತೋರಿಸಿ ಸಾಕು."

ಪೆನ್ಸಿಲು ಎಂದ ಕೂಡಲೇ ನಾನು ಒತ್ತಿದ್ದ ಠಸ್ಸೆ ನೆನಪಾಯಿತು. ದಾನಿಗಳ ಪುಸ್ತಕದಲ್ಲಿ ಊವೆಯ ಹೆಸರಿತ್ತು, ಹಾಳೆಯ ಸಂಖ್ಯೆ ಇತ್ತು. ಡ್ರಾಯರಿನಲ್ಲಿ ಇದ್ದದ್ದು ಸೈನ್ಯದವರ ಚೊಕ್ಕಟವಾದ ಮರುಮುದ್ರಣ ಮಾತ್ರ. ಭೂತಗನ್ನಡಿ ಹಿಡಿದು ನೋಡಿದೆ. ಆಂಕೆ ತೋರಿಸಿದ ಪಡುವಣ ತುದಿಯಲ್ಲಿ ಏನೂ ಇರಲಿಲ್ಲ. ಆಗ ಕೆಳಗಿನ ಅಂಚು ಕಣ್ಣಿಗೆ ಬಿತ್ತು. ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ, ಆಮೇಲಿನ ಒಂದು ವರ್ಷದಲ್ಲಿ ತಿದ್ದುಪಡಿ ಮಾಡಿದ್ದು ಎಂದಿತ್ತು. ಮೇಲಿನ ವರ್ಷ ಒಂದೇ ಆದರೂ ಎರಡು ಹಾಳೆಗಳೂ ಒಂದೇ ಅಲ್ಲ. ಒಂದು ಪ್ರವಾಹಕ್ಕೆ ಮೊದಲಿನದು, ಇನ್ನೊಂದು ನಂತರದ್ದು. ಪಾಳುಬಿದ್ದ ಮನೆಯನ್ನು ತಿದ್ದುವವರು ಅಳಿಸಿದ್ದರು, ಅದಿದ್ದ ಹಾಳೆಯನ್ನು ನಾನು ಬಿಸಾಕಿದ್ದೆ.

"ಸೋಮವಾರದವರೆಗೆ ಸಮಯ ಕೊಡಿ, ಹುಡುಕುತ್ತೇನೆ" ಎಂದು ಅವರನ್ನು ಕಳಿಸಿ ಡೋರಿಸ್ ಮುಂದೆ ನಿಂತೆ. ನಡೆದದ್ದೆಲ್ಲ ಅಳುತ್ತಲೇ ಹೇಳಿದೆ. ಅಲ್ಲಿಯವರೆಗೆ ಅವರೆದುರು ನಾನು ಅತ್ತಿರಲಿಲ್ಲ.

"ಈಗ ಆ ಹಾಳೆ ಎಲ್ಲಿದೆ?"

"ಕನ್ನಡ ಪುಸ್ತಕಗಳ ಮೇಲೆ."

ಅವರು ಕನ್ನಡಕ ಬದಲಾಯಿಸಿಕೊಂಡು ನನ್ನನ್ನೇ ನೋಡಿದರು. "ಎಷ್ಟು ಪುಸ್ತಕ?"

"ನಲವತ್ತು."

"ಹಾಗಾದರೆ ಇಲ್ಲೇಕೆ ನಿಂತಿದ್ದೀಯ? ಹೋಗು."

ರೈಲಿನಲ್ಲಿ ಕೂತೇ ತರಗತಿಯ ವಾಟ್ಸಾಪ್ ಗುಂಪಿಗೆ ಬರೆದೆ. ದಯವಿಟ್ಟು ಎಲ್ಲರೂ ಮಕ್ಕಳ ಕನ್ನಡ ಪುಸ್ತಕದ ಬೈಂಡು ಬಿಚ್ಚಿ, ಒಳಗಡೆ ಏನಿದೆಯೋ ಫೋಟೋ ಕಳಿಸಿ, ತುರ್ತು. ಮನೆ ಸೇರುವಷ್ಟರಲ್ಲಿ ಫೋನು ಬಿಸಿಯಾಗಿತ್ತು. ಕಾಡು, ನದಿ, ರೈಲುಹಳಿ, ಚರ್ಚು, ಒಂದಾದ ಮೇಲೊಂದು ಜರ್ಮನಿಯ ತುಂಡುಗಳು ಬಂದವು. "ಆಂಟಿ ನಮ್ದು ಬರೀ ಬ್ಲೂ ಇದೆ, ಓಕೇನಾ?" ಎಂದು ಒಬ್ಬರು. "ನಮ್ಮವನು ಇದರ ಮೇಲೆ ಡೈನೋಸಾರ್ ಬರ್ದಿದಾನೆ, ಸಾರಿ" ಎಂದು ಇನ್ನೊಬ್ಬರು. ಒಬ್ಬ ತಂದೆ, "ಮೇಡಂ, ಏನಾದ್ರೂ ಲೀಗಲ್ ಪ್ರಾಬ್ಲಮ್ಮಾ?" ಎಂದು ಗಾಬರಿಯಿಂದ ಕೇಳಿದರು. ನಮ್ಮ ಯಜಮಾನರು ಪಕ್ಕದಲ್ಲಿ ಕೂತು ಬಿದ್ದು ಬಿದ್ದು ನಕ್ಕು, ಕೊನೆಗೆ ನನ್ನ ಮುಖ ನೋಡಿ ಸುಮ್ಮನಾದರು.

ಹಾಳೆಯ ಮೂಡಣ ಅರ್ಧ ಮರುದಿನ ನಮ್ಮ ಹಿಂದಿನ ಬೀದಿಯಲ್ಲೇ ಸಿಕ್ಕಿತು. ಅದರಲ್ಲಿದ್ದದ್ದು ಏರಿ ಮತ್ತು ಕೆಸರುಬಯಲು ಮಾತ್ರ. ನಮಗೆ ಬೇಕಾಗಿದ್ದ ಪಡುವಣ ಅರ್ಧ ಮೂವತ್ತೊಂಬತ್ತು ಪುಸ್ತಕ ನೋಡಿದರೂ ಸಿಗಲಿಲ್ಲ. ನಲವತ್ತನೆಯದು ಇಂಚರಾ ಎಂಬ ಹುಡುಗಿಯದು. ಅವರ ಮನೆಯವರು ಮಧ್ಯೆಯೇ ಮಾರ್ಗನ್ ಹಿಲ್‌ಗೆ ಹೋಗಿ, ಗುಂಪಿನಿಂದಲೂ ಹೊರಗೆ ಹೋಗಿದ್ದರು. ಹಾಸನದ ಕಡೆಯ ಅವಳ ತಾಯಿ ಶುಭಾಳ ನಂಬರು ಹುಡುಕಿ ಫೋನ್ ಮಾಡಿದೆ.

"ಅಯ್ಯೋ ಆಂಟಿ, ಮನೆ ಶಿಫ್ಟ್ ಮಾಡೋವಾಗ ಹಳೇ ಬುಕ್ಸ್ ಎಷ್ಟೋ ರೀಸೈಕಲ್‌ಗೆ ಹಾಕ್ಬಿಟ್ವಿ. ಉಳಿದಿದ್ದು ಗರಾಜಲ್ಲಿ ಬಾಕ್ಸಲ್ಲಿದೆ. ಇದೆಯೋ ಇಲ್ವೋ ಹೇಳಕ್ಕಾಗಲ್ಲ. ಬನ್ನಿ, ಊಟಕ್ಕೇ ಬನ್ನಿ, ಹುಡುಕೋಣ."

ಶನಿವಾರ ಬೆಳಗ್ಗೆ ಹೊರಟೆವು. ಫ್ರೀವೇಯಲ್ಲಿ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ನಮ್ಮ ಮದುವೆಯಲ್ಲಿ ಇದು ಅಪರೂಪದ ಘಟನೆ. ಗರಾಜಿನಲ್ಲಿ ಹನ್ನೊಂದು ಡಬ್ಬ ಬಿಚ್ಚಿದೆವು. ಏಳನೆಯದರಲ್ಲೂ ಇಲ್ಲ, ಹತ್ತನೆಯದರಲ್ಲೂ ಇಲ್ಲ. ಆಮೇಲೆ ಇಂಚರಾ ತಾನೇ ತನ್ನ ಕೋಣೆಯಿಂದ ಪುಸ್ತಕ ಹಿಡಿದು ಬಂದಳು. ಒಂಬತ್ತು ವರ್ಷದವಳು. ಅದು ಯಾವತ್ತೂ ಡಬ್ಬದಲ್ಲಿರಲಿಲ್ಲ, ತನ್ನ ಮೇಜಿನ ಮೇಲೇ ಇತ್ತು, ಯಾರೂ ತನ್ನನ್ನು ಕೇಳಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಬೈಂಡು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಯಾಕೆ ಬೇಕು ಎಂದು ಕೇಳಿದಳು. ಮೆಟ್ಟಿಲ ಮೇಲೆ ಕೂತು, ಆಂಕೆ ಅಜ್ಜಿಯ ಅಪ್ಪನ ವಿಷಯ, ಕುರಿಗಳ ವಿಷಯ ಎಲ್ಲ ಹೇಳಿದೆ. ಅವಳು ಉಗುರಿನಿಂದ ಟೇಪು ಕೀಳಲು ಶುರುಮಾಡಿದಳು.

ಒಳಮಡಿಕೆ ಬಿಚ್ಚಿದೆ. ಪುಸ್ತಕದ ರಟ್ಟಿಗೂ ಮಡಿಕೆಗೂ ನಡುವೆ ಪೆನ್ಸಿಲಿನ ವೃತ್ತ ಒಂದಿಷ್ಟೂ ಮಾಸದೆ ಇತ್ತು. ಅದರೊಳಗೆ ರೆಪ್ಪೆಯಂಥ ಗೆರೆಗಳು, ಸಾಸಿವೆಯಷ್ಟು ದಿಬ್ಬ, ಕಪ್ಪು ಚುಕ್ಕೆ. ಪಕ್ಕದಲ್ಲಿ ಜರ್ಮನ್‌ನಲ್ಲಿ 'ತಂಗಿಯ ಮನೆ' ಎಂದು ಬರೆದಿತ್ತು. ಪುಸ್ತಕದ ಬೆನ್ನಿಗಾಗಿ ನಾನು ಕತ್ತರಿಸಿದ್ದ ಎರಡು ಕಚ್ಚುಗಳಲ್ಲಿ ಹೋಗಿದ್ದು ಬರೀ ಸಮುದ್ರ. ಅಮ್ಮ ಹೇಳಿಕೊಟ್ಟ ಕ್ರಮಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಹೆಸರಿನ ಚೀಟಿ ಕೀಳಲು ಹೋದರೆ ಇಂಚರಾ ಕೈ ಅಡ್ಡ ಹಿಡಿದಳು. ಅಜ್ಜಿ ಇದನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ, ಆದರೆ ತನ್ನ ಹೆಸರು ಅದರ ಮೇಲೆ ಇರಬೇಕು ಎಂಬುದು ಅವಳ ಕರಾರು. ಒಪ್ಪಿದೆ. ಶುಭಾ ಬಡಿಸಿದ ಅನ್ನ ಸಾರು ಅವತ್ತು ಎಷ್ಟು ರುಚಿಯಾಗಿತ್ತೆಂದು ಹೇಳಲಾರೆ.

ಸೋಮವಾರ ಆಂಕೆ ಬಂದರು. ಎರಡೂ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದೆ. ಆಕೆ ಭೂತಗನ್ನಡಿ ಕೇಳಲಿಲ್ಲ. ಬೆರಳು ಸೀದಾ ವೃತ್ತದ ಮೇಲೆ ಹೋಯಿತು. "ಇಗೋ, ಇಲ್ಲಿ ಹೊಂಡ. ಇಲ್ಲಿ ಮೆಟ್ಟಿಲು. ಅಪ್ಪ ಈ ಕಡೆಯಿಂದ ಇಳಿದದ್ದು." ಪೀಟರ್ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೇ ಕೂತು, "ಅಮ್ಮ, ಇಷ್ಟು ವರ್ಷ ನೀನು ಸರಿಯಾಗೇ ಹೇಳುತ್ತಿದ್ದೆ" ಎಂದರು. ಆಕೆ ಮಗನ ತಲೆ ಸವರಿದರು. ನಾನು ಡ್ರಾಯರಿನ ಕಡೆ ತಿರುಗಿ ಏನೋ ಹುಡುಕುವವಳಂತೆ ನಿಂತುಕೊಂಡೆ.

ತಪ್ಪು ಒಪ್ಪಿಕೊಳ್ಳುವುದು ಇನ್ನೂ ಬಾಕಿ ಇತ್ತು. ಬಿಸಾಕಿದ್ದು ನಾನು, ಕತ್ತರಿ ಹಾಕಿದ್ದೂ ನಾನು, ಪುಸ್ತಕಕ್ಕೆ ಬೈಂಡು ಹಾಕಲು ಎಂದು ಹೇಳಿದೆ. ಆಂಕೆ ನಗಲು ಶುರುಮಾಡಿದರು. "ಊವೆ ಮಾಮ ನನ್ನ ಶಾಲೆಯ ಪುಸ್ತಕಗಳಿಗೆ ಕೋಳಿ ಆಹಾರದ ಕಾಗದದ ಚೀಲ ಹೊದಿಸುತ್ತಿದ್ದ. ತರಗತಿಯಲ್ಲೆಲ್ಲ ಅದೇ ವಾಸನೆ. ಅವನು ಇದ್ದಿದ್ದರೆ ನಿನ್ನನ್ನು ಮೆಚ್ಚುತ್ತಿದ್ದ."

ಆಮೇಲೆ ಆಕೆ ಸಂಕೋಚದಿಂದ, ಇದರ ಒಂದು ಪ್ರತಿ ತೆಗೆದುಕೊಡಲು ಆಗುತ್ತದೆಯೇ ಎಂದು ಕೇಳಿದರು. ಅಷ್ಟರಲ್ಲಿ ಡೋರಿಸ್ ಬಂದು ಹಾಳೆಯನ್ನು ಎರಡು ಕೈಯಲ್ಲಿ ಎತ್ತಿ, ತಿರುಗಿಸಿ, ಚೀಟಿಯ ಕೆಳಗಿಂದ ಇಣುಕುತ್ತಿದ್ದ ಠಸ್ಸೆಯನ್ನು ನೋಡಿದರು.

"ಪ್ರತಿ ಯಾಕೆ? ಇದು ನಮ್ಮದಲ್ಲ. ಸಂಗ್ರಹದಿಂದ ತೆಗೆದಿದೆ ಅಂತ ಇಲ್ಲೇ ಇದೆ. ನಮ್ಮದಾಗಿದ್ದರೆ ಈ ಕೋಣೆಯ ಬಾಗಿಲು ದಾಟಲು ನಾನು ಬಿಡುತ್ತಿರಲಿಲ್ಲ. ಸರೋಜಾ, ಈಗ ಇದರ ಮಾಲೀಕರು ಯಾರು?"

"ಮಾರ್ಗನ್ ಹಿಲ್‌ನ ಇಂಚರಾ" ಎಂದೆ. "ಅವಳು ಆಗಲೇ ಕೊಟ್ಟುಬಿಟ್ಟಿದ್ದಾಳೆ, ಹೆಸರು ಅಳಿಸಬಾರದು ಅಂದಿದ್ದಾಳೆ."

ಆಂಕೆ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಕಲಿತರು. ಹೋಗುವಾಗ ಪಡುವಣ ಅರ್ಧವನ್ನು ಎದೆಗೆ ಒತ್ತಿಕೊಂಡಿದ್ದರು. ಮೂಡಣ ಅರ್ಧ ಪೀಟರ್ ಕೈಯಲ್ಲಿತ್ತು.

ಅವರು ಹೋದ ಮೇಲೆ ಡೋರಿಸ್ ನನ್ನ ಮೇಲೆ ದೂರು ಬರೆಯುತ್ತಾರೆಂದು ಕಾದೆ. ಬರೆಯಲಿಲ್ಲ. ಅದರ ಬದಲು, ತೆಗೆದುಹಾಕಿದ ಅಷ್ಟೂ ಹಾಳೆಗಳ ಪಟ್ಟಿಯನ್ನು ಮುಂದಿಟ್ಟು, ಒಂದೊಂದರ ಕೆಳಗಿನ ಅಂಚನ್ನೂ ಉಳಿದಿರುವ ಪ್ರತಿಯಲ್ಲಿ ನೋಡಿ ಬರೆ ಎಂದರು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಇನ್ನೂ ಎರಡು ಜೋಡಿಗಳು ನಿಜಕ್ಕೂ ಜೋಡಿಗಳಾಗಿರಲಿಲ್ಲ. ಅವುಗಳ ತುಂಡುಗಳನ್ನೂ ಡಬ್ಲಿನ್‌ನ ಮನೆಗಳಿಂದ ಬೇಡಿ ತಂದೆ, ಡೈನೋಸಾರ್ ಸಮೇತ. ಈಗ ಅಲ್ಲಿ ಎಲ್ಲವನ್ನೂ ಸ್ಕ್ಯಾನರು ಓದುತ್ತದೆ. ಅಂಚಿನಿಂದ ಅಂಚಿಗೆ, ಬೇಸರವಿಲ್ಲದೆ, ನನಗಿಂತ ಚೆನ್ನಾಗಿಯೇ ಓದುತ್ತದೆ. ಆದರೆ ಯಾವ ಹಾಳೆಯನ್ನು ಅದರ ಬಾಯಿಗೆ ಕೊಡಬೇಕು, ಯಾವುದನ್ನು ಬಿಸಾಕಬೇಕು ಎಂದು ಈಗಲೂ ಒಬ್ಬ ಮನುಷ್ಯನೇ ನಿರ್ಧರಿಸುತ್ತಾನೆ. ಮೈಸೂರಿನ ಹುಡುಗಿ ನೋಟ್ಸ್ ಮಾಡಿಕೊಳ್ಳುವುದಾದರೆ ಇಷ್ಟು ಬರೆದುಕೊಳ್ಳಲಿ. ಕೆಳಗಿನ ಅಂಚು ಓದು. ಗೀಚಿದ್ದನ್ನು ಕಂಡರೆ, ಗೀಚಿದವರು ಯಾರು ಎಂದು ಕೇಳು. ಬಂದವರಿಗೆ ಮೊದಲು ಕುರ್ಚಿ ಕೊಡು.

ಜೂನ್‌ನಲ್ಲಿ ಪೀಟರ್ ಒಂದು ಫೋಟೋ ಕಳಿಸಿದರು. ಹಸಿರು ಹುಲ್ಲು, ಬೂದು ಸಮುದ್ರ, ನಡುವೆ ಗಮನವಿಟ್ಟು ನೋಡಿದರಷ್ಟೇ ಕಾಣುವ ಒಂದು ಸಣ್ಣ ಉಬ್ಬು. ಅದರ ಮೇಲೆ ಆಂಕೆ, ಊರುಗೋಲನ್ನು ನೆಲಕ್ಕೆ ನೆಟ್ಟು, ನಕ್ಷೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಾರೆ. ಗಾಳಿಗೆ ಹಾಳೆ ತಿರುಗಿಬಿಟ್ಟಿದೆ. ಕ್ಯಾಮೆರಾಗೆ ಕಾಣುತ್ತಿರುವುದು ದ್ವೀಪವಲ್ಲ, ಬಿಳಿ ಬೆನ್ನು. ಅದರ ಮೇಲೆ ಸೊಟ್ಟಪಟ್ಟ ದುಂಡು ಅಕ್ಷರದಲ್ಲಿ 'ಇಂಚರಾ, ಎರಡನೇ ತರಗತಿ, ಕನ್ನಡ' ಎಂದಿದೆ. ಜೊತೆಗೆ ಪೀಟರ್ ಎರಡು ಸಾಲು ಬರೆದಿದ್ದರು. ಅಮ್ಮ ಇಲ್ಲಿ ನಿಂತು ತಮ್ಮ ಅಪ್ಪನ ಹೆಸರನ್ನು ಗಟ್ಟಿಯಾಗಿ ಕೂಗಿದರು, ಆಮೇಲೆ ನಕ್ಷೆ ಕೊಟ್ಟ ಹುಡುಗಿಯ ಹೆಸರನ್ನೂ ಕೂಗಿದರು, ಆ ಹುಡುಗಿಗೆ ತಿಳಿಸಿ ಎಂದು.

ಶುಭಾಳಿಗೆ ಹಾಗೇ ಕಳಿಸಿದೆ. ಸ್ವಲ್ಪ ಹೊತ್ತಿಗೆ ಒಂದು ವಾಯ್ಸ್ ಮೆಸೇಜು ಬಂತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಒಂದೊಂದೇ ಮಾತನ್ನು ಹುಡುಕಿ ಜೋಡಿಸಿಕೊಂಡು ಕೇಳಿದ್ದಳು.

"ಆಂಟಿ, ಅಜ್ಜಿಗೆ... ಅವರ ಅಪ್ಪನ ಮನೆ... ಸಿಕ್ತಾ?"

"ಸಿಕ್ತು ಪುಟ್ಟಾ" ಎಂದು ಹೇಳಲು ಹೋದೆ. ಮೂರು ಸಲ ಅಳಿಸಿ ಮತ್ತೆ ಹೇಳಬೇಕಾಯಿತು.